ಯಾವ ಏರ್‌ಲೈನ್‌ನ ಪಾಯಿಂಟ್ಸ್ ಕೂಡಿಡಬೇಕು?

ಕೆಲಸಕ್ಕೆ ಅಂತ ಪುಣೆ, ಹೈದರಾಬಾದ್, ಚೆನ್ನೈ, ಗುರುಗ್ರಾಮಕ್ಕೆ ಬಂದಿರೋ ನಮ್ಮಲ್ಲಿ ಬಹಳ ಜನರ ಫೋನ್‌ನಲ್ಲಿ ನಾಲ್ಕೈದು ಏರ್‌ಲೈನ್ ಆ್ಯಪ್ ಇರತ್ತೆ. ಒಂದರಲ್ಲಿ 800 ಪಾಯಿಂಟ್, ಇನ್ನೊಂದರಲ್ಲಿ 1,200. ಯಾವುದರಿಂದಲೂ ಒಂದು ಟಿಕೆಟ್ ಬರಲ್ಲ. ಹಾಗಾದರೆ ಫ್ರೀಕ್ವೆಂಟ್ ಫ್ಲೈಯರ್ ಪ್ರೋಗ್ರಾಂ ಆರಿಸೋದು ಹೇಗೆ?

ನನ್ನ ಉತ್ತರ ಇಷ್ಟೇ. ಯಾರು ಜಾಸ್ತಿ ಪಾಯಿಂಟ್ ಕೊಡ್ತಾರೆ ಅಂತ ನೋಡಬೇಡಿ. ಆ ಪಾಯಿಂಟ್ ಖರ್ಚು ಮಾಡಿ ನೀವು ಎಲ್ಲಿಗೆ ಹೋಗಬಹುದು ಅಂತ ನೋಡಿ.

ಮೊದಲು ಮೇಲ್ ತೆಗೆದು ಕಳೆದ ವರ್ಷದ ಟಿಕೆಟ್‌ಗಳನ್ನ ಪಟ್ಟಿ ಮಾಡಿ. ಅದರಲ್ಲಿ ಪುಣೆ–ಬೆಂಗಳೂರು, ಮುಂಬೈ–ಮಂಗಳೂರು ಥರ ಹಬ್ಬಕ್ಕೆ, ಮದುವೆಗೆ ಊರಿಗೆ ಹೋಗಿಬಂದದ್ದೇ ಹೆಚ್ಚಿದ್ದು, ನೀವು ಹತ್ತೋದು ಇಂಡಿಗೋ ಆದರೆ, 2024ರಲ್ಲಿ ಶುರುವಾದ ಅವರ ಬ್ಲೂಚಿಪ್ ಸಾಕು. ದೊಡ್ಡ ಅಲಯನ್ಸ್‌ಗಳ ಗೊಡವೆ ನಿಮಗೆ ಬೇಡ.

ಆನ್‌ಸೈಟ್ ಅಂತ ಆಗಾಗ ಹೊರದೇಶಕ್ಕೆ ಹೋಗೋರ ಲೆಕ್ಕ ಬೇರೆ. ಏರ್ ಇಂಡಿಯಾ 2014ರಿಂದ ಸ್ಟಾರ್ ಅಲಯನ್ಸ್‌ನಲ್ಲಿದೆ. ಕಂಪನಿ ನಿಮ್ಮನ್ನ ಲುಫ್ತಾನ್ಸಾದಲ್ಲಿ ಫ್ರಾಂಕ್‌ಫರ್ಟ್‌ಗೆ ಕಳಿಸಿದರೂ, ಸಿಂಗಾಪುರ್ ಏರ್‌ಲೈನ್ಸ್‌ನಲ್ಲಿ ಕಳಿಸಿದರೂ, ಏರ್ ಇಂಡಿಯಾದ ಮಹಾರಾಜ ಕ್ಲಬ್ ನಂಬರ್ ಕೊಡಬಹುದು. ಕತಾರ್, ಬ್ರಿಟಿಷ್ ಏರ್‌ವೇಸ್ ಇರೋದು ಒನ್‌ವರ್ಲ್ಡ್‌ನಲ್ಲಿ. ಎಮಿರೇಟ್ಸ್ ಯಾವ ಅಲಯನ್ಸ್‌ನಲ್ಲೂ ಇಲ್ಲ. ಟಿಕೆಟ್ ದುಡ್ಡು ಕಂಪನಿದಾದರೂ ಸಾಮಾನ್ಯವಾಗಿ ಪಾಯಿಂಟ್ ಬರೋದು ಸೀಟಲ್ಲಿ ಕೂತವರ ಖಾತೆಗೆ. ಆದರೆ ಕೆಲವು ಅಗ್ಗದ ಫೇರ್ ಕ್ಲಾಸ್‌ಗೆ ಪಾಯಿಂಟ್ ಕಡಿಮೆ, ಕೆಲವಕ್ಕೆ ಇಲ್ಲವೇ ಇಲ್ಲ. ಬುಕಿಂಗ್‌ಗೆ ಮುಂಚೆ ನೋಡ್ಕೊಳ್ಳಿ.

ಈಗ ಬೆಲೆ ಕಟ್ಟೋದು. ಒಂದು ಟಿಕೆಟ್ಟಿಗೆ 6,500 ರೂಪಾಯಿ ಅಂತಿಟ್ಕೊಳ್ಳಿ. ಅದೇ ಟಿಕೆಟ್ಟಿಗೆ 10,000 ಪಾಯಿಂಟ್ ಜೊತೆ ತೆರಿಗೆ, ಶುಲ್ಕ ಅಂತ 1,500 ರೂಪಾಯಿ ಕೇಳ್ತಾರೆ. ಉಳಿದದ್ದು 5,000. ಅಂದರೆ ಒಂದು ಪಾಯಿಂಟ್‌ಗೆ 50 ಪೈಸೆ. ‘ಫ್ರೀ ಟಿಕೆಟ್’ ಅನ್ನೋ ಜಾಹೀರಾತು ನೋಡಿದಾಗಲೆಲ್ಲ ಈ ಲೆಕ್ಕ ಹಾಕಿ. ಪಾಯಿಂಟ್ ಆಸೆಗೆ 1,000 ರೂಪಾಯಿ ಜಾಸ್ತಿ ಕೊಟ್ಟು ಟಿಕೆಟ್ ತಗೊಂಡರೆ ಲಾಭ ಯಾರಿಗೆ ಅಂತ ತಕ್ಷಣ ಗೊತ್ತಾಗತ್ತೆ.

ಇನ್ನೊಂದು ಮುಖ್ಯ ವಿಷಯ. ಪಾಯಿಂಟ್ ಅನ್ನೋದು ಉಳಿತಾಯ ಖಾತೆ ಅಲ್ಲ. ಅದರ ಬೆಲೆ ನಿರ್ಧರಿಸೋದು ಏರ್‌ಲೈನ್, ನಿಯಮ ಬದಲಿಸೋದೂ ಅದೇ. ಏರ್ ಇಂಡಿಯಾ 2024ರಲ್ಲಿ ಹಾರಿದ ದೂರದ ಲೆಕ್ಕ ಬಿಟ್ಟು ಖರ್ಚು ಮಾಡಿದ ಹಣದ ಲೆಕ್ಕಕ್ಕೆ ಬಂತು. ಅದೇ ವರ್ಷ ನವೆಂಬರ್‌ನಲ್ಲಿ ವಿಸ್ತಾರಾ ಅದರಲ್ಲಿ ವಿಲೀನವಾಯ್ತು. 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್ ನಿಂತಾಗ ಅದರ ಮೈಲ್ಸ್ ಬೇರೆ ಕಂಪನಿಯ ಕೈಲಿದ್ದರಿಂದ ಉಳೀತು. ಆದರೆ ಅದನ್ನ ಖರ್ಚು ಮಾಡೋಕೆ ಜೆಟ್ ವಿಮಾನವೇ ಇರಲಿಲ್ಲ.

ಅದಕ್ಕೇ, ಊರಲ್ಲಿ ಯಾರಿಗಾದರೂ ಹುಷಾರಿಲ್ಲ ಅಂದಾಗ ಆಗತ್ತೆ ಅಂತ ಪಾಯಿಂಟ್ ನಂಬಿ ಕೂರಬೇಡಿ. ಆ ದಿನ ಸೀಟು ಸಿಗತ್ತೆ ಅನ್ನೋ ಖಾತ್ರಿ ಇಲ್ಲ. ಆಪತ್ತಿಗೆ ಬ್ಯಾಂಕಿನಲ್ಲಿ ದುಡ್ಡಿರಲಿ. ಪಾಯಿಂಟ್ ಒಂದು ಟಿಕೆಟ್ಟಿಗಾಗುವಷ್ಟು ಆದ ಕೂಡಲೇ ಖರ್ಚು ಮಾಡಿ. ಅಪ್ಪ ಅಮ್ಮನನ್ನ ಒಂದು ಸಲ ವಿಮಾನದಲ್ಲಿ ಕರೆಸ್ಕೊಳ್ಳಿ. ಅದಕ್ಕಿಂತ ಒಳ್ಳೆ ಬಳಕೆ ನನಗೆ ಗೊತ್ತಿಲ್ಲ.

ಕೊನೆಗೆ ನಮ್ಮವರಿಗೇ ಅಂತ ಒಂದು ಮಾತು. ನಮ್ಮ ಇನಿಷಿಯಲ್‌ಗಳು ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರಾಗಿ, ಊರಿನ ಹೆಸರಾಗಿ ಬಿಡಿಸ್ಕೊಂಡಿರತ್ತೆ. ಖಾತೆಯ ಹೆಸರು, ಟಿಕೆಟ್ಟಿನ ಹೆಸರು ಹೊಂದದಿದ್ದರೆ ಪಾಯಿಂಟ್ ಸಿಕ್ಕಿಹಾಕ್ಕೊಳ್ಳಬಹುದು. ಪಾಸ್‌ಪೋರ್ಟ್‌ನಲ್ಲಿ ಇರೋ ಹಾಗೇ ಖಾತೆ ತೆರೀರಿ. ಪಾಯಿಂಟ್ ಜಮಾ ಆಗೋವರೆಗೆ ಬೋರ್ಡಿಂಗ್ ಪಾಸ್ ಎಸೀಬೇಡಿ.

ಮುಖ್ಯವಾದದ್ದು ಒಂದು, ಹೆಚ್ಚೆಂದರೆ ಎರಡು ಪ್ರೋಗ್ರಾಂ ಇಟ್ಕೊಳ್ಳಿ. ಉಳಿದ ಆ್ಯಪ್‌ಗಳನ್ನ ಇವತ್ತೇ ತೆಗೀರಿ.