ಹನ್ನೊಂದು ವರ್ಷದ ಮುನಿಸು, ಒಂದು ಕಾಗದ
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ನಾನು ಇತಿಹಾಸ ಓದಿಕೊಂಡವನು. ಶಾಲೆಗೆ ಐವತ್ತು ತುಂಬಿದೆ ಎಂದೊಡನೆ ನನಗೆ ನೆನಪಾದದ್ದು 1826ರ ಜುಲೈ 4. ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಅಂದು ಸರಿಯಾಗಿ ಐವತ್ತು ವರ್ಷ. ಅದೇ ದಿನ, ಕೆಲವೇ ಗಂಟೆಗಳ ಅಂತರದಲ್ಲಿ, ಆ ಘೋಷಣೆಯ ಕರಡು ಸಮಿತಿಯಲ್ಲಿದ್ದ ಇಬ್ಬರು ತೀರಿಕೊಂಡರು. ಥಾಮಸ್ ಜೆಫರ್ಸನ್‌ಗೆ 83 ವರ್ಷ, ಜಾನ್ ಆಡಮ್ಸ್‌ಗೆ 90. ಅವರಿಬ್ಬರ ಕಾಗದಗಳ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ಆಡಮ್ಸ್ ಮ್ಯಾಸಚೂಸೆಟ್ಸ್‌ನ ವಕೀಲ, ಜೆಫರ್ಸನ್ ವರ್ಜೀನಿಯಾದ ದೊಡ್ಡ ಜಮೀನುದಾರ. ಒಬ್ಬರು ಲಂಡನ್ನಿನಲ್ಲಿ, ಇನ್ನೊಬ್ಬರು ಪ್ಯಾರಿಸ್ಸಿನಲ್ಲಿ ರಾಯಭಾರಿಗಳಾಗಿದ್ದಾಗ ಎರಡು ಸಂಸಾರಗಳೂ ಬಹಳ ಹತ್ತಿರವಾಗಿದ್ದವು. ಜೆಫರ್ಸನ್ನರ ತಾಯಿಯಿಲ್ಲದ ಮಗಳು ಪಾಲಿ 1787ರಲ್ಲಿ ಹಡಗಿನಿಂದ ಲಂಡನ್ನಿಗೆ ಬಂದಿಳಿದಾಗ ಅವಳನ್ನು ಮಡಿಲಿಗೆ ಹಾಕಿಕೊಂಡವರು ಆಡಮ್ಸರ ಪತ್ನಿ ಅಬಿಗೇಲ್.

ಆಮೇಲೆ ಚುನಾವಣೆ ಬಂತು. ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ! 1796ರಲ್ಲಿ ಆಡಮ್ಸ್ ಅಧ್ಯಕ್ಷರಾದರು, 1800ರಲ್ಲಿ ಜೆಫರ್ಸನ್ ಅವರನ್ನು ಸೋಲಿಸಿದರು. ಜೆಫರ್ಸನ್ ಪ್ರಮಾಣವಚನ ಸ್ವೀಕರಿಸುವ ದಿನ ಆಡಮ್ಸ್ ಬೆಳಕು ಹರಿಯುವ ಮೊದಲೇ ಬಂಡಿ ಹತ್ತಿ ರಾಜಧಾನಿ ಬಿಟ್ಟರು. ಮಾತು ನಿಂತಿತು. 1804ರಲ್ಲಿ ಪಾಲಿ ತೀರಿಕೊಂಡಾಗ ಅಬಿಗೇಲ್ ಗಂಡನಿಗೂ ಹೇಳದೆ ಜೆಫರ್ಸನ್‌ಗೆ ಸಾಂತ್ವನದ ಕಾಗದ ಬರೆದರು. ಅವರು ಉತ್ತರಿಸಿದರು, ಆದರೆ ಅದರಲ್ಲಿ ಹಳೆಯ ರಾಜಕೀಯದ ನೋವನ್ನೂ ಸೇರಿಸಿಬಿಟ್ಟರು. ಕೆಲವೇ ಕಾಗದಗಳಲ್ಲಿ ಆ ಬಾಗಿಲೂ ಮುಚ್ಚಿತು.

ಇಬ್ಬರಿಗೂ ಸ್ನೇಹಿತರಾಗಿದ್ದ ಡಾಕ್ಟರ್ ಬೆಂಜಮಿನ್ ರಶ್ ಎಂಬವರು ವರ್ಷಗಟ್ಟಲೆ ಇಬ್ಬರಿಗೂ ಬರೆದು ಬರೆದು ಬುದ್ಧಿ ಹೇಳಿದರು. ಕೊನೆಗೆ 1812ರ ಜನವರಿ 1ರಂದು ಸೋತವರೇ, ವಯಸ್ಸಿನಲ್ಲಿ ಹಿರಿಯರೇ ಮೊದಲು ಬರೆದರು. ಚಿಕ್ಕ ಕಾಗದ. ಮನೆಯಲ್ಲಿ ನೇಯ್ದ ಎರಡು ತುಂಡು ಬಟ್ಟೆ ಕಳಿಸುತ್ತಿದ್ದೇನೆ ಎಂದಿತ್ತು. ಪೊಟ್ಟಣ ಬರುವುದು ತಡವಾಯಿತು. ಜೆಫರ್ಸನ್ ಅದನ್ನು ನಿಜವಾದ ಬಟ್ಟೆ ಎಂದೇ ನಂಬಿ, ತಮ್ಮ ಕಡೆಯ ಕುರಿ, ನೂಲು, ಮಗ್ಗದ ಬಗ್ಗೆ ವಿವರವಾಗಿ ಬರೆದುಬಿಟ್ಟರು. ಬಂದದ್ದು ಆಡಮ್ಸರ ಮಗನ ಉಪನ್ಯಾಸಗಳ ಎರಡು ಸಂಪುಟ!

ಅಲ್ಲಿಂದ ಹದಿನಾಲ್ಕು ವರ್ಷ 158 ಕಾಗದಗಳು. 109 ಆಡಮ್ಸರವು. ಲೆಕ್ಕ ಇಡುವ ಮನುಷ್ಯನಾಗಿದ್ದರೆ ಎಂದೋ ನಿಲ್ಲಿಸುತ್ತಿದ್ದರು.

1813ರ ಒಂದು ಚರ್ಚೆ ನಮ್ಮಂಥ ಶಾಲೆಗೆ ಬೇಕಾದದ್ದು. ಆಳಬೇಕಾದವರು ಯಾರು? ಗುಣ, ಪ್ರತಿಭೆ ಇದ್ದವರನ್ನು ಜನ ಆರಿಸುತ್ತಾರೆ ಎಂದರು ಜೆಫರ್ಸನ್. ಹಣ, ಮನೆತನ, ಚೆಂದದ ಮುಖ ನೋಡಿಯೂ ಜನ ಮರುಳಾಗುತ್ತಾರೆ ಎಂದರು ಆಡಮ್ಸ್. ಜೆಫರ್ಸನ್ ತಾವು ಹಿಂದೆ ರೂಪಿಸಿದ್ದ ಮಸೂದೆಯ ವಿಷಯ ಬರೆದರು: ಊರೂರಿಗೆ ಉಚಿತ ಶಾಲೆ, ಅಲ್ಲಿ ಜಾಣರಾದವರಿಗೆ ಸಾರ್ವಜನಿಕ ಖರ್ಚಿನಲ್ಲಿ ಮೇಲಿನ ಶಾಲೆ, ಆಮೇಲೆ ವಿಶ್ವವಿದ್ಯಾಲಯ. ಬಡವರ ಮನೆಯ ಬುದ್ಧಿವಂತಿಕೆ ವ್ಯರ್ಥವಾಗಬಾರದು ಎಂಬುದು ಅವರ ಆಸೆ. ವರ್ಜೀನಿಯಾದ ಶಾಸನಸಭೆ ಅದನ್ನು ಪೂರ್ತಿಯಾಗಿ ಒಪ್ಪಲೇ ಇಲ್ಲ. ಇದನ್ನು ಬರೆದವರ ಜಮೀನಿನಲ್ಲಿಯೇ ಗುಲಾಮರ ಮಕ್ಕಳಿದ್ದರು. ಈ ಯೋಜನೆ ಅವರಿಗಾಗಿ ಇರಲಿಲ್ಲ. ಜೀವಮಾನದಲ್ಲಿ ಜೆಫರ್ಸನ್ನರ ಒಡೆತನದಲ್ಲಿದ್ದವರು ಆರುನೂರಕ್ಕೂ ಹೆಚ್ಚು ಮಂದಿ. ಆಡಮ್ಸ್ ಗುಲಾಮರನ್ನು ಇಟ್ಟುಕೊಂಡವರಲ್ಲ, ಆದರೂ ಗೆಳೆಯನನ್ನು ಈ ವಿಷಯದಲ್ಲಿ ಗಟ್ಟಿಯಾಗಿ ಕೇಳಲಿಲ್ಲ. ಗೆಳೆತನ ಉಳಿಸಿಕೊಳ್ಳಲು ಅವರು ತೆತ್ತ ಬೆಲೆ ಇದು ಎಂದು ನನಗನ್ನಿಸುತ್ತದೆ. ಆ ಬೆಲೆಯನ್ನು ನಿಜವಾಗಿ ತೆತ್ತವರು ಬೇರೆಯವರು.

1818ರಲ್ಲಿ ಅಬಿಗೇಲ್ ಹೋದರು. ಹೆಂಡತಿಯನ್ನು ಎಂದೋ ಕಳೆದುಕೊಂಡಿದ್ದ ಜೆಫರ್ಸನ್ ಬರೆದ ಸಾಂತ್ವನ ಕೆಲವೇ ಸಾಲು. ಈ ಸಲ ಅದರಲ್ಲಿ ರಾಜಕೀಯ ಇರಲಿಲ್ಲ.

1826ರ ಮಾರ್ಚಿನಲ್ಲಿ ಜೆಫರ್ಸನ್ ಕೊನೆಯ ಕಾಗದ ಬರೆದರು. ಮೊಮ್ಮಗ ಬಾಸ್ಟನ್‌ಗೆ ಬರುತ್ತಿದ್ದಾನೆ, ನಿಮ್ಮನ್ನು ನೋಡದೆ ಹೋದರೆ ಅವನು ಏನನ್ನೂ ನೋಡಿದಂತಾಗುವುದಿಲ್ಲ ಎಂದು. ಹುಡುಗ ಬಂದ, ಮುದುಕರನ್ನು ಕಂಡ. ಏಪ್ರಿಲ್‌ನಲ್ಲಿ ಆಡಮ್ಸ್ ಉತ್ತರಿಸಿದರು: ನಿಮ್ಮ ವರ್ಜೀನಿಯಾದವರೆಲ್ಲ ಅದು ಹೇಗೆ ಇಷ್ಟು ಎತ್ತರ ಬೆಳೆಯುತ್ತಾರೆ, ಇವನ ಪಕ್ಕದಲ್ಲಿ ನಾವೆಲ್ಲ ಕುಳ್ಳರು ಎಂದು.