ನರಕ್ಕೆ ಕರೆಂಟು ಕೊಡುವ ಪರೀಕ್ಷೆ



"ಮಗೂಗೆ ಕರೆಂಟು ಕೊಡ್ತಾರಂತೆ, ನಾ ಒಲ್ಲೆ" ಅನ್ನುವ ತಾಯಂದಿರು ಇದ್ದಾರೆ. ಇವತ್ತು ಆ ಕರೆಂಟಿನ ಮಾತು ಆಡೋಣ.

ಹೊಲದ ಪಂಪ್‌ಸೆಟ್ ನೆನೆಸಿಕೊಳ್ಳಿ. ನೀರು ಬರ್ತಿಲ್ಲ. ಕೆಟ್ಟಿದ್ದು ಯಾವುದು? ಸ್ಟಾರ್ಟರೋ, ವೈರೋ, ಮೋಟಾರೋ? ನೋಡದೆ ಮೋಟಾರು ಬಿಚ್ಚುತ್ತೀರಾ? ಇಲ್ಲ ಅಲ್ವಾ. ನಮ್ಮ ಮೈಯಲ್ಲಿ ಬೆನ್ನುಹುರಿ ಸ್ಟಾರ್ಟರ್ ಇದ್ದ ಹಾಗೆ. ನರ ವೈರು. ಮಾಂಸಖಂಡ ಮೋಟಾರು.

ಪೋಲಿಯೋ ವೈರಸ್ ಬಾಯಿಯಿಂದ ಹೊಟ್ಟೆಗೆ ಹೋಗುತ್ತದೆ. ಕೆಲವರಲ್ಲಿ ಮಾತ್ರ ಬೆನ್ನುಹುರಿಗೆ ಸೇರುತ್ತದೆ. ಕೈಕಾಲು ಆಡಿಸುವ ಜೀವಕೋಶಗಳನ್ನು ಕೊಲ್ಲುತ್ತದೆ. ಕಾಲು ಜೋತು ಬೀಳುತ್ತದೆ. ಆದರೆ ಮುಟ್ಟಿದರೆ ಮಗೂಗೆ ಗೊತ್ತಾಗುತ್ತದೆ. ಗಿಲಾನ್ ಬಾರೆ ಅಂತ ಇನ್ನೊಂದು ಕಾಯಿಲೆ ಇದೆ. ಅದರಲ್ಲೂ ಕಾಲು ಸೋಲುತ್ತದೆ, ಆದರೆ ಕೆಟ್ಟಿರುವುದು ವೈರು. ಸತ್ತ ಜೀವಕೋಶ ಮರಳಿ ಬರುವುದಿಲ್ಲ. ಗಿಲಾನ್ ಬಾರೆಗೆ ಬೇಗ ಚಿಕಿತ್ಸೆ ಸಿಕ್ಕರೆ ಬಹಳ ಜನ ಮತ್ತೆ ನಡೆಯುತ್ತಾರೆ. ಅದಕ್ಕೇ ಯಾವುದು ಅಂತ ತಿಳಿಯಬೇಕು.

ಮೊಣಕೈ ಹತ್ತಿರ ಒಮ್ಮೆ, ಮಣಿಕಟ್ಟಿನ ಹತ್ತಿರ ಒಮ್ಮೆ ಸಣ್ಣ ಕರೆಂಟು ಕೊಡುತ್ತಾರೆ. ರಬ್ಬರ್ ಬ್ಯಾಂಡ್ ಬಡಿದಂತೆ ಚುರ್ ಅನ್ನುತ್ತದೆ. ಬೆರಳು ಎಗರುತ್ತದೆ. ಮಗು ಅಳಬಹುದು, ಸುಳ್ಳು ಯಾಕೆ ಹೇಳಲಿ? ಆದರೆ ಅಪಾಯವಿಲ್ಲ.

ಈಗ ನೀವು ಲೆಕ್ಕ ಕಲಿತವರು. ಎರಡು ಜಾಗದ ನಡುವೆ 25 ಸೆಂಟಿಮೀಟರ್. ಒಂದು ಸೆಕೆಂಡನ್ನು 1000 ಪಾಲು ಮಾಡಿ. ಅದರಲ್ಲಿ 5 ಪಾಲಿನಲ್ಲಿ ಸುದ್ದಿ ಅಷ್ಟು ದೂರ ದಾಟಿದರೆ ಸೆಕೆಂಡಿಗೆ 50 ಮೀಟರ್ ಆಯಿತು. ದೊಡ್ಡವರ ಕೈಗೆ ಇದು ಸರಿಯಾದ ವೇಗ. ಗಿಲಾನ್ ಬಾರೆಯಲ್ಲಿ ವೇಗ ಸಾಮಾನ್ಯವಾಗಿ ಬೀಳುತ್ತದೆ. ಪೋಲಿಯೋದಲ್ಲಿ ವೇಗ ಅಷ್ಟಾಗಿ ಬೀಳುವುದಿಲ್ಲ, ಎಗರುವ ಬಲ ಕುಗ್ಗುತ್ತದೆ. ಮೊದಲ ದಿನಗಳಲ್ಲಿ ಏನೂ ಕಾಣದೆ ಇರಬಹುದು. ಮತ್ತೆ ಬಾ ಅಂದರೆ ಹೋಗಿ.

ಪರೀಕ್ಷೆಯ ದಿನ ಕೈಕಾಲಿಗೆ ಎಣ್ಣೆ ಹಚ್ಚಬೇಡಿ. ಮೈ ತಣ್ಣಗಿದ್ದರೂ ವೇಗ ಕಡಿಮೆ ಬರುತ್ತದೆ. ಹೊದಿಸಿ ಕರೆದುಕೊಂಡು ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಂಥ ದೊಡ್ಡ ಆಸ್ಪತ್ರೆಗಳಲ್ಲಿ ಈ ಪರೀಕ್ಷೆ ಮಾಡುತ್ತಾರೆ.

"ಪೋಲಿಯೋ ಹೋಯ್ತಲ್ಲ?" ಅಂತೀರಿ. ನಿಜ, ನಮ್ಮ ದೇಶದಲ್ಲಿ ಕಾಡು ಪೋಲಿಯೋ ಕೊನೆಗೆ ಕಂಡಿದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರಲ್ಲಿ ಪೋಲಿಯೋ ಇಲ್ಲದ ದೇಶ ಅಂತ ಪತ್ರ ಸಿಕ್ಕಿತು. ಆದರೂ ಕಾವಲು ಬಿಟ್ಟಿಲ್ಲ. ಪೆದ್ದಹರಿವಾಣಂ ಆಗಲಿ, ಆದೋನಿ ಆಗಲಿ, 15 ವರ್ಷದೊಳಗಿನ ಮಗುವಿನ ಕೈಯೋ ಕಾಲೋ ಇದ್ದಕ್ಕಿದ್ದಂತೆ ಸೋತರೆ ಅಂದೇ ಆಶಾ ಅಕ್ಕನಿಗೆ ತಿಳಿಸಿ. 14 ದಿನದೊಳಗೆ ಎರಡು ಸಲ, ಒಂದು ದಿನದ ಅಂತರದಲ್ಲಿ, ಮಲ ಪರೀಕ್ಷೆಗೆ ಕೊಡಬೇಕು. ವೈರಸ್ ಇದೆಯೋ ಇಲ್ಲವೋ ಹೇಳುವುದು ಅದೇ.

ಉಸಿರು ಕಟ್ಟಿದರೆ, ನುಂಗಲು ಆಗದಿದ್ದರೆ ಯಾವ ಪರೀಕ್ಷೆಗೂ ಕಾಯಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ.