ನಿಮ್ಮ ಹಳೇ ಟ್ರಾಕ್ಟರಿನ ಹೆಸರೇನು?



ಇವತ್ತು ನಾವು ಟ್ರಾಕ್ಟರ್ ವಿಷಯ ಮಾತಾಡೋಣ ಅಂತ ಬಂದಿದ್ದೇವೆ. ನಗಬೇಡಿ. "ಟ್ರಾಕ್ಟರು ಗಂಡಸರ ಬಾಬತ್ತು, ನಮಗ್ಯಾಕೆ ಟೀಚರ್?" ಅಂತ ಹಿಂದಿನ ಸಾಲಿನಲ್ಲಿ ಯಾರೋ ಅಂದರು. ನಾವೂ ಹಾಗೇ ಅಂದುಕೊಂಡಿದ್ದೆವು. ನಾವು ಶಾಲೆಯಲ್ಲಿ ಪಾಠ ಹೇಳುವವರು. ಸ್ಪ್ಯಾನರ್ ಹಿಡಿದು ಗೊತ್ತಿಲ್ಲ. ನಮಗೆ ಇದನ್ನು ಕಲಿಸಿದ್ದು ನಿಮ್ಮಂಥ ಒಬ್ಬ ಅಕ್ಕನ ಕಷ್ಟ.

ಆ ಅಕ್ಕ ನಮ್ಮ ಕೇಂದ್ರಕ್ಕೆ ಬರುತ್ತಿದ್ದರು. ಅಂಕಿ ಚೆನ್ನಾಗಿ ಕಲಿತಿದ್ದರು. ಅಕ್ಷರ ಇನ್ನೂ ನಿಧಾನ. ಗಂಡ ತೀರಿಕೊಂಡು ಏಳೆಂಟು ತಿಂಗಳಾಗಿತ್ತು. ಮೂರು ಎಕರೆ ಹೊಲ, ಇಬ್ಬರು ಮಕ್ಕಳು. ಬೇವಿನ ಮರದ ಕೆಳಗೆ ಒಂದು ಹಳೇ ಟ್ರಾಕ್ಟರು ನಿಂತಿತ್ತು. ಒಬ್ಬ ದಲ್ಲಾಳಿ ಎರಡು ಸಲ ಬಂದು ಹೋಗಿದ್ದ. "ಇದು ಎರಡು ಸಿಲಿಂಡರಿನ ಹಳೇ ಮಾಲು ಅಕ್ಕಾ. ಸಾಮಾನು ಎಲ್ಲೂ ಸಿಗಲ್ಲ. ಗುಜರಿ ತೂಕಕ್ಕೆ ಕೊಟ್ಟುಬಿಡಿ" ಅಂದಿದ್ದ. ಮೂರನೇ ಸಲ ದುಡ್ಡು ತರುತ್ತೇನೆ ಅಂತ ಹೇಳಿ ಹೋಗಿದ್ದ.

"ಅವನು ಹೇಳಿದ್ದು ನಿಜಾನಾ ಟೀಚರ್?" ಅಂತ ಅಕ್ಕ ಕೇಳಿದರು. ನಮಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತಲೇ ಹೇಳಿದೆವು. ನೋಡೋಣ ಬನ್ನಿ ಅಂತ ಹೋದೆವು.

ಗಾಡಿಯ ಮುಂದಿನ ಮುಚ್ಚಳಕ್ಕೆ ಬಾನೆಟ್ ಅನ್ನುತ್ತಾರೆ. ಕಂಪನಿ ಹೆಸರು, ಮಾಡೆಲ್ ನಂಬರು ಅದರ ಮೇಲೆ ಇರುತ್ತೆ. ಇಲ್ಲಿ ಏನೂ ಇರಲಿಲ್ಲ. ಯಾವಾಗಲೋ ಬಾನೆಟ್ಟು ಬದಲಾಗಿತ್ತು, ಮೇಲೆ ನೀಲಿ ಬಣ್ಣ ಬಳಿದಿದ್ದರು. ಹಳೇ ಗಾಡಿಗಳ ಕಥೆಯೇ ಹೀಗೆ. ಬಣ್ಣ ನಂಬಬೇಡಿ, ಬಾನೆಟ್ಟೂ ನಂಬಬೇಡಿ. ಸೀರೆ ಬದಲಿಸಿದ ಹಾಗೆ ಅವನ್ನು ಬದಲಿಸಬಹುದು.

ನಂಬಬೇಕಾದ್ದು ಎರಡು. ಒಂದು, ಗಾಡಿಯ ಮೈಮೇಲೆ ಇರುವ ನಂಬರು. ಇನ್ನೊಂದು, ಟ್ರಂಕಿನಲ್ಲಿರುವ ಆರ್.ಸಿ. ಪುಸ್ತಕ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು.

ಮೊದಲು ಆರ್.ಸಿ. ನೋಡೋಣ. ಕೆಲವರ ಹತ್ತಿರ ಪುಸ್ತಕ ಇದೆ, ಕೆಲವರ ಹತ್ತಿರ ಕಾರ್ಡು ಇದೆ. ಗಾಡಿ ಯಾರ ಹೆಸರಿನಲ್ಲಿದೆ, ಯಾವ ಕಂಪನಿಯದು, ಯಾವ ವರ್ಷ ತಯಾರಾದದ್ದು ಅಂತ ಅದರಲ್ಲಿ ಬರೆದಿರುತ್ತೆ. ಎಷ್ಟು ಸಿಲಿಂಡರು ಅಂತಲೂ ಇರುತ್ತೆ. ಜೊತೆಗೆ ಎರಡು ಉದ್ದ ನಂಬರು ಇರುತ್ತವೆ. ಒಂದು ಚಾಸಿ ನಂಬರು, ಇನ್ನೊಂದು ಎಂಜಿನ್ ನಂಬರು. ಬರವಣಿಗೆ ಬಹಳಷ್ಟು ಇಂಗ್ಲಿಷಿನಲ್ಲಿರುತ್ತೆ. ಹೆದರಬೇಡಿ. ಅಂಕಿ ನಾವು ಕಲಿತ 1, 2, 3ರ ಅಂಕಿಯೇ. ನಡುವೆ ಬರುವ ಇಂಗ್ಲಿಷ್ ಅಕ್ಷರವನ್ನು ರಂಗೋಲಿ ನೋಡಿ ಹಾಕುವ ಹಾಗೆ ನೋಡಿ ಬರೆದುಕೊಳ್ಳಿ. ಊಹೆ ಮಾಡಬೇಡಿ. 1 ಮತ್ತು 7, 3 ಮತ್ತು 8 ಇವು ಮೋಸ ಮಾಡುತ್ತವೆ. ಸೊನ್ನೆ ಮತ್ತು ಇಂಗ್ಲಿಷಿನ ಓ ಅಕ್ಷರ ಒಂದೇ ಥರ ಕಾಣುತ್ತವೆ.

ಅಕ್ಕನ ಟ್ರಂಕಿನಲ್ಲಿ ಆರ್.ಸಿ. ಪುಸ್ತಕ ಸಿಕ್ಕಿತು. ಮದುವೆ ಸೀರೆಯ ಅಡಿಯಲ್ಲಿತ್ತು. ಸಿಲಿಂಡರು ಅಂತ ಇರುವ ಕಡೆ ಅಕ್ಕನೇ ಬೆರಳಿಟ್ಟು ಓದಿದರು: 3.

ದಲ್ಲಾಳಿ ಹೇಳಿದ್ದು ಎರಡು. ಪುಸ್ತಕ ಹೇಳಿದ್ದು ಮೂರು. ಈಗ ಗಾಡಿಯನ್ನೇ ಕೇಳಬೇಕಲ್ಲ?

ಸಿಲಿಂಡರು ಅಂದರೆ ಎಂಜಿನ್ನಿನ ಒಳಗಿನ ಕೊಳವೆ. ಅದರೊಳಗೆ ಪಿಸ್ಟನ್ ಮೇಲೆ ಕೆಳಗೆ ಆಡುತ್ತೆ, ಒನಕೆ ಆಡಿದ ಹಾಗೆ. ಅದನ್ನು ನೋಡಲು ಎಂಜಿನ್ ಬಿಚ್ಚಬೇಕಾಗಿಲ್ಲ. ಎಂಜಿನ್ನಿನ ಪಕ್ಕ ಡೀಸೆಲ್ ಪಂಪು ಇರುತ್ತೆ. ಅಲ್ಲಿಂದ ಸಣ್ಣ ಗಟ್ಟಿ ಕಬ್ಬಿಣದ ಪೈಪುಗಳು ಎಂಜಿನ್ನಿನ ತಲೆಗೆ ಹೋಗುತ್ತವೆ. ಪೈಪಿನ ತುದಿಯಲ್ಲಿ ನಾಜಲ್ ಇರುತ್ತೆ. ಸಿಲಿಂಡರಿಗೆ ಒಂದು ನಾಜಲ್, ನಾಜಲ್ಲಿಗೆ ಒಂದು ಪೈಪು. ಈ ಪೈಪು ಎಣಿಸಿದರೆ ಸಿಲಿಂಡರು ಎಣಿಸಿದ ಹಾಗೆ. ನಾಜಲ್ಲಿನಿಂದ ವಾಪಸ್ ಡೀಸೆಲ್ ಬರುವ ಬೇರೆ ತೆಳು ಪೈಪು ಇರುತ್ತೆ, ಅದನ್ನು ಸೇರಿಸಬೇಡಿ.

ಒಂದು ಮಾತು ಈಗಲೇ ಹೇಳಿಬಿಡುತ್ತೇವೆ. ಎಂಜಿನ್ ನಿಲ್ಲಿಸಿ, ಕೀಲಿ ತೆಗೆದು, ತಣ್ಣಗಾದ ಮೇಲೆ ಮಾತ್ರ ಹತ್ತಿರ ಹೋಗಿ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಜಡೆ ಕಟ್ಟಿಕೊಳ್ಳಿ. ಫ್ಯಾನು, ಬೆಲ್ಟು ತಿರುಗುವಾಗ ಯಾರೂ ಬಾಗಿ ನೋಡಬಾರದು.

ಅಕ್ಕ ಎಣಿಸಿದರು. ಮಗಳು ಎಣಿಸಿದಳು. ನಾವೂ ಎಣಿಸಿದೆವು. ಮೂರು ಪೈಪು, ಮೂರು ನಾಜಲ್.

ಆಮೇಲೆ ನಂಬರು ಹುಡುಕಿದೆವು. ಹಳೇ ಟ್ರಾಕ್ಟರುಗಳಲ್ಲಿ ಚಿಕ್ಕ ತಗಡಿನ ಪಟ್ಟಿ ಇರುತ್ತೆ. ಎಲ್ಲಿ ಅಂತ ಕೇಳಿದರೆ ಕಂಪನಿಗೊಂದು ಜಾಗ. ಕೆಲವಕ್ಕೆ ಸ್ಟೇರಿಂಗಿನ ಕೆಳಗೆ ಮೀಟರು ಇರುವ ಹಲಗೆಯ ಮೇಲೆ, ಕೆಲವಕ್ಕೆ ಗೇರ್‌ಬಾಕ್ಸಿನ ಪಕ್ಕದಲ್ಲಿ. ಎಂಜಿನ್ ನಂಬರು ಎಂಜಿನ್ನಿನ ಮೈಮೇಲೆ, ನಯ ಮಾಡಿದ ಒಂದು ಸಣ್ಣ ಜಾಗದಲ್ಲಿ ಇರುತ್ತೆ. ಅದರ ಮೇಲೆ ವರ್ಷಗಟ್ಟಲೆ ಎಣ್ಣೆ, ಧೂಳು ಕೂತು ರೊಟ್ಟಿಯಷ್ಟು ದಪ್ಪ ಆಗಿರುತ್ತೆ. ಡೀಸೆಲ್ಲಿನಲ್ಲಿ ಅದ್ದಿದ ಬಟ್ಟೆಯಿಂದ ಮೆಲ್ಲಗೆ ಒರೆಸಿ. ಅರ, ಉಳಿ, ಮರಳು ಕಾಗದ ಯಾವುದೂ ಮುಟ್ಟಿಸಬೇಡಿ. ನಂಬರು ಕೆರೆದ ಹಾಗೆ ಕಂಡರೆ ಕದ್ದ ಗಾಡಿ ಅಂತ ಅನುಮಾನ ಬರುತ್ತೆ.

ಇಲ್ಲಿ ನಾವು ಒಂದು ತಪ್ಪು ಮಾಡಿದೆವು. ಮುಚ್ಚಿಡದೆ ಹೇಳುತ್ತೇವೆ. ಎಂಜಿನ್ನಿನ ಪಕ್ಕದಲ್ಲಿ ದೊಡ್ಡದಾಗಿ ಉಬ್ಬಿದ ನಂಬರು ಕಂಡಿತು. ಸಿಕ್ಕಿತು ಅಂತ ಖುಷಿಯಾಗಿ ಅದನ್ನೇ ಬರೆದುಕೊಂಡೆವು. ಆರ್.ಟಿ.ಓ. ಕಚೇರಿಗೆ ಕೊಡುವ ಅರ್ಜಿಯಲ್ಲೂ ಅದನ್ನೇ ತುಂಬಿದೆವು. ಅಲ್ಲಿನ ಗುಮಾಸ್ತರು ಆರ್.ಸಿ. ಜೊತೆ ತಾಳೆ ನೋಡಿ, "ಇದು ಎಂಜಿನ್ ನಂಬರಲ್ಲ ಮೇಡಂ" ಅಂತ ವಾಪಸ್ ಕೊಟ್ಟರು. ಬಸ್ ಚಾರ್ಜು ಹೋಯಿತು, ಅಕ್ಕನ ಒಂದು ದಿನದ ಕೂಲಿ ಹೋಯಿತು. ಓದು ಬಂದವರೇ ತಪ್ಪು ಓದಿದ್ದೆವು.

ಊರಿನ ಒಬ್ಬ ವಯಸ್ಸಾದ ಮೆಕ್ಯಾನಿಕ್ಕು ನಕ್ಕು ತಿಳಿಸಿ ಹೇಳಿದರು. ಎಂಜಿನ್ನಿನ ಮೈಯನ್ನು ಅಚ್ಚಿನಲ್ಲಿ ಕಬ್ಬಿಣ ಹೊಯ್ದು ಮಾಡುತ್ತಾರೆ. ಅಚ್ಚಿನಲ್ಲಿ ಇರುವ ನಂಬರು ಉಬ್ಬಾಗಿ ಬರುತ್ತೆ. ಒಂದೇ ಅಚ್ಚಿನಿಂದ ಬಂದ ಎಲ್ಲ ಎಂಜಿನ್ನಿಗೂ ಅದೇ ನಂಬರು. ಅದು ಆ ಭಾಗದ ನಂಬರು ಅಷ್ಟೇ. ನಿಮ್ಮ ಎಂಜಿನ್ನಿಗೆ ಮಾತ್ರ ಸೇರಿದ ನಂಬರನ್ನು ಆಮೇಲೆ ಒಂದೊಂದಾಗಿ ಒತ್ತಿರುತ್ತಾರೆ. ಅದು ಒಳಕ್ಕೆ ತಗ್ಗಾಗಿರುತ್ತೆ. ಉಬ್ಬು ನಂಬರು ಬೇಡ, ತಗ್ಗು ನಂಬರು ಬೇಕು. ಕಣ್ಣಿಗೆ ಕಾಣದಿದ್ದರೆ ಬೆರಳಾಡಿಸಿ ನೋಡಿ, ಗೊತ್ತಾಗುತ್ತೆ.

ತಗ್ಗು ನಂಬರು ಓದಲು ಆ ಅಕ್ಕನೇ ಒಂದು ಉಪಾಯ ಮಾಡಿದರು. ಒಳಗಿನಿಂದ ಒಂದು ಹಿಡಿ ರಂಗೋಲಿ ಪುಡಿ ತಂದು ಅದರ ಮೇಲೆ ಉಜ್ಜಿದರು. ಆಮೇಲೆ ಅಂಗೈಯಲ್ಲಿ ಒರೆಸಿದರು. ಮೇಲಿನ ಪುಡಿ ಹೋಯಿತು, ತಗ್ಗಿನಲ್ಲಿದ್ದ ಪುಡಿ ಉಳಿಯಿತು. ಹಲಗೆಯ ಮೇಲೆ ಬಳಪದಲ್ಲಿ ಬರೆದ ಹಾಗೆ ನಂಬರು ಎದ್ದು ಕಂಡಿತು. ಮೆಕ್ಯಾನಿಕ್ಕೇ "ಭೇಷ್" ಅಂದರು.

ಕಚೇರಿಗೆ ಬೇಕಾದ್ದು ಪೆನ್ಸಿಲ್ ಅಚ್ಚು. ಪುಡಿಯನ್ನು ಪೂರ್ತಿ ಒರೆಸಿ, ನಂಬರಿನ ಮೇಲೆ ತೆಳು ಕಾಗದ ಇಟ್ಟು, ಅಲುಗಾಡದಂತೆ ಹಿಡಿದು, ಪೆನ್ಸಿಲ್ಲನ್ನು ಅಡ್ಡ ಮಲಗಿಸಿ ಉಜ್ಜಬೇಕು. ಚಿಕ್ಕಂದಿನಲ್ಲಿ ನಾಣ್ಯದ ಮೇಲೆ ಕಾಗದ ಇಟ್ಟು ಉಜ್ಜಿ ಆಡಿಲ್ಲವೇ? ಅದೇ ಕೆಲಸ. ಚಾಸಿ ನಂಬರಿಗೆ ಒಂದು, ಎಂಜಿನ್ ನಂಬರಿಗೆ ಒಂದು.

ಚಾಸಿ ಅಂದರೆ ಏನು ಅಂತ ಒಬ್ಬ ಅಮ್ಮ ಕೇಳಿದ್ದರು. ಲಾರಿಗೆ ಕೆಳಗೆ ಉದ್ದ ಕಬ್ಬಿಣದ ಚೌಕಟ್ಟು ಇರುತ್ತೆ, ಅದೇ ಚಾಸಿ. ನಮ್ಮ ಹಳೇ ಟ್ರಾಕ್ಟರುಗಳಿಗೆ ಅಂಥ ಚೌಕಟ್ಟು ಸಾಮಾನ್ಯವಾಗಿ ಇಲ್ಲ. ಎಂಜಿನ್ನು, ಗೇರ್‌ಬಾಕ್ಸು, ಹಿಂದಿನ ಭಾಗ ಇವನ್ನೇ ಒಂದಕ್ಕೊಂದು ಬೋಲ್ಟು ಹಾಕಿ ಜೋಡಿಸಿರುತ್ತಾರೆ. ಎಂಜಿನ್ನೇ ಗಾಡಿಯ ಬೆನ್ನೆಲುಬು. ಆದರೂ ಕಾಗದದಲ್ಲಿ ಗಾಡಿಯ ನಂಬರಿಗೆ ಚಾಸಿ ನಂಬರು ಅಂತಲೇ ಹೆಸರು.

ಈಗ ಅಕ್ಕನ ಗಾಡಿ ಯಾವುದು ಅಂತ ಹೇಳಬೇಕು. ಅದು ಮ್ಯಾಸಿ ಫರ್ಗ್ಯೂಸನ್ 1035. ಜನ ಬರೀ "ಮ್ಯಾಸಿ" ಅನ್ನುತ್ತಾರೆ. ಮಾಡಿದ್ದು ಮದರಾಸಿನ, ಅಂದರೆ ಈಗಿನ ಚೆನ್ನೈನ, ಟಾಫೆ ಕಂಪನಿ. ಅದು ಶುರುವಾದದ್ದು 1960ರಲ್ಲಿ. ಎಂಜಿನ್ನು ಮಾಡಿದ್ದು ಅದೇ ಊರಿನ ಸಿಂಪ್ಸನ್. ನೋಡಿ, ಗಾಡಿಯ ಹೆಸರು ಒಂದು, ಎಂಜಿನ್ನಿನ ಹೆಸರು ಇನ್ನೊಂದು. ಅಂಗಡಿಗೆ ಹೋಗಿ ಪಿಸ್ಟನ್ ಕೇಳುವಾಗ ಎರಡೂ ಹೇಳಬೇಕು. ಅಕ್ಕನ ಗಂಡ ಒಂದು ಸಲ ಪೇಟೆಯಿಂದ ಬೇರೆ ಎಂಜಿನ್ನಿನ ಸಾಮಾನು ತಂದು, ಹಾಕಲಾಗದೆ, ಅಟ್ಟದ ಮೇಲೆ ಇಟ್ಟಿದ್ದರಂತೆ. ಅದು ಈಗಲೂ ಅಲ್ಲೇ ಇದೆ.

ಈ ಮ್ಯಾಸಿಯ ಹಿರಿಯಣ್ಣನ ಕಥೆ ಹೇಳುತ್ತೇವೆ ಕೇಳಿ. ಇಂಗ್ಲೆಂಡಿನಲ್ಲಿ ಮ್ಯಾಸಿ ಫರ್ಗ್ಯೂಸನ್ 35 ಅಂತ ಒಂದು ಟ್ರಾಕ್ಟರು ಇತ್ತು. ಮೊದಮೊದಲು ಡೀಸೆಲ್ ಗಾಡಿಗೆ ಸ್ಟ್ಯಾಂಡರ್ಡ್ ಕಂಪನಿಯ ನಾಲ್ಕು ಸಿಲಿಂಡರಿನ ಎಂಜಿನ್ ಹಾಕಿದರು. ಚಳಿಯಲ್ಲಿ ಅದು ಬೇಗ ಸ್ಟಾರ್ಟ್ ಆಗುತ್ತಿರಲಿಲ್ಲ, ರೈತರು ಬೈದರು. 1959ರಲ್ಲಿ ಮ್ಯಾಸಿ ಕಂಪನಿ ಪರ್ಕಿನ್ಸ್ ಅನ್ನುವ ಎಂಜಿನ್ ಕಂಪನಿಯನ್ನೇ ಕೊಂಡುಕೊಂಡಿತು. ಆ ಮೇಲಿನ ಗಾಡಿಗಳಿಗೆ ಪರ್ಕಿನ್ಸಿನ ಮೂರು ಸಿಲಿಂಡರಿನ ಎಂಜಿನ್ ಬಂತು. ಹೆಸರು ಅದೇ 35, ಮುಖವೂ ಅದೇ. ಒಳಗೆ ಬೇರೆ. ಹೇಗೆ ಗುರುತಿಸುತ್ತೀರಿ? ಹೌದು, ಪೈಪು ಎಣಿಸಬೇಕು. ಆ ಪರ್ಕಿನ್ಸ್ ಎಂಜಿನ್ನಿನ ಹೆಸರು 3.152. ಅದನ್ನು ಬಿಡಿಸಿ ಓದಿ. 3 ಅಂದರೆ ಮೂರು ಸಿಲಿಂಡರು. 152 ಅಂದರೆ ಮೂರೂ ಸಿಲಿಂಡರು ಸೇರಿ 152 ಘನ ಅಂಗುಲ ಜಾಗ. ನಮ್ಮ ಲೆಕ್ಕಕ್ಕೆ ಸುಮಾರು ಎರಡೂವರೆ ಲೀಟರು.

ಎಲ್ಲ ಕಂಪನಿಯ ನಂಬರಿಗೂ ಹೀಗೇ ಅರ್ಥ ಇರುತ್ತೆ ಅಂದುಕೊಳ್ಳಬೇಡಿ. ಎಚ್.ಎಂ.ಟಿ. ಕಂಪನಿ 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಜೀಟರ್ 2511 ಮಾಡಲು ಶುರು ಮಾಡಿತು. ಅದರಲ್ಲಿ 25 ಅಂದರೆ ಇಪ್ಪತ್ತೈದು ಎಚ್.ಪಿ. ಅದಕ್ಕೆ ನಿಜವಾಗಿಯೂ ಎರಡೇ ಸಿಲಿಂಡರು. ಇಂಟರ್‌ನ್ಯಾಷನಲ್ ಬಿ-275 ಅಂತ ಇನ್ನೊಂದು. ಮಹೀಂದ್ರದವರು 1963ರಲ್ಲಿ ಹೊರದೇಶದ ಕಂಪನಿ ಜೊತೆ ಸೇರಿ ಆ ಟ್ರಾಕ್ಟರನ್ನು ನಮ್ಮ ದೇಶಕ್ಕೆ ತಂದರು. 275 ಅಂದರೆ 275 ಎಚ್.ಪಿ. ಅಲ್ಲ! ಅಷ್ಟು ಶಕ್ತಿ ಇದ್ದಿದ್ದರೆ ಊರನ್ನೇ ಎಳೆದುಕೊಂಡು ಹೋಗುತ್ತಿತ್ತು. ಅದರ ಎಂಜಿನ್ನಿಗೆ ನಾಲ್ಕು ಸಿಲಿಂಡರು, 144 ಘನ ಅಂಗುಲ. ನಾಲ್ಕು ಇದೆ ಅಂತ ಮೂರರದ್ದಕ್ಕಿಂತ ದೊಡ್ಡದು ಅನ್ನೋಕ್ಕಾಗಲ್ಲ. 152 ದೊಡ್ಡದೋ 144 ದೊಡ್ಡದೋ ನೀವೇ ಹೇಳಿ.

ಫರೀದಾಬಾದಿನ ಐಷರ್ ಅನ್ನು ದೂರದಿಂದಲೇ ಗುರುತಿಸಬಹುದು. ನಮ್ಮ ದೇಶದಲ್ಲಿ ಮೊದಲು ತಯಾರಾದ ಟ್ರಾಕ್ಟರು ಅದೇ, 1959ರಲ್ಲಿ. ಹಳೇ ಐಷರಿಗೆ ಒಂದೇ ಸಿಲಿಂಡರು. ನೀರು ಹಾಕುವ ರೇಡಿಯೇಟರೇ ಇಲ್ಲ, ಗಾಳಿಯಿಂದಲೇ ಎಂಜಿನ್ ತಣ್ಣಗಾಗುತ್ತೆ.

ಇನ್ನೂ ಹಳೆಯದು ಬೂದು ಬಣ್ಣದ ಪುಟ್ಟ ಫರ್ಗ್ಯೂಸನ್. 1946ರಿಂದ 1956ರವರೆಗೆ ಇಂಗ್ಲೆಂಡಿನಲ್ಲಿ ಮಾಡಿದರು. ಹೆಸರು ಟಿಇ-20. ನಡುವೆ ಎ ಅಕ್ಷರ ಇದ್ದರೆ ಪೆಟ್ರೋಲಿನದು, ಡಿ ಇದ್ದರೆ ಸೀಮೆಎಣ್ಣೆ ಥರದ ಎಣ್ಣೆಯದು, ಎಫ್ ಇದ್ದರೆ ಡೀಸೆಲಿನದು. ಒಂದೇ ಒಂದು ಅಕ್ಷರ ನೋಡಿ. ತಪ್ಪು ಓದಿದರೆ ತಪ್ಪು ಎಣ್ಣೆ ಹಾಕುತ್ತೇವೆ. ಪೆಟ್ರೋಲಿನದಕ್ಕೆ ನಾಜಲ್ ಇರಲ್ಲ, ಪ್ಲಗ್ಗು ಇರುತ್ತೆ, ಪ್ಲಗ್ಗಿಗೆ ದಪ್ಪ ವೈರು ಬರುತ್ತೆ. ಅಂದ ಹಾಗೆ, 1953ರಲ್ಲಿ ತೇನ್ಸಿಂಗ್ ಜೊತೆ ಎವರೆಸ್ಟ್ ಹತ್ತಿದ ಹಿಲರಿ ಇದ್ದಾರಲ್ಲ, ಅವರು 1958ರ ಜನವರಿಯಲ್ಲಿ ದಕ್ಷಿಣ ಧ್ರುವಕ್ಕೆ ಹೋಗಿದ್ದು ಇಂಥ ಪುಟ್ಟ ಟ್ರಾಕ್ಟರುಗಳಲ್ಲೇ.

ಅಕ್ಕನ ವಿಷಯಕ್ಕೆ ಬರೋಣ. ಪೆನ್ಸಿಲ್ ಅಚ್ಚು ತೆಗೆದೆವು. ಆರ್.ಸಿ.ಯ ಒಂದೊಂದು ಅಂಕಿಯ ಮೇಲೆ ಅಕ್ಕ ಬೆರಳಿಟ್ಟರು, ಅಚ್ಚಿನ ಅಂಕಿಯನ್ನು ಮಗಳು ಕೂಗಿ ಹೇಳಿದಳು. ಎರಡೂ ನಂಬರು ಕೂಡಿದವು. ಕೂಡದೆ ಇದ್ದಿದ್ದರೆ? ಕೆಲವರು ಎಂಜಿನ್ ಕೆಟ್ಟಾಗ ಬೇರೆ ಗಾಡಿಯ ಎಂಜಿನ್ ಕೂರಿಸಿಬಿಡುತ್ತಾರೆ. ಹಾಗೆ ಮಾಡಿದರೆ ಆರ್.ಟಿ.ಓ. ಕಚೇರಿಗೆ ತಿಳಿಸಿ ಆರ್.ಸಿ.ಯಲ್ಲಿ ಹೊಸ ನಂಬರು ಬರೆಸಬೇಕು. ಬರೆಸದಿದ್ದರೆ ಮಾರುವಾಗ, ವಿಮೆ ಕೇಳುವಾಗ ತೊಂದರೆ.

ಇನ್ನೊಂದು ಸಂಗತಿ ಆಗ ನಮಗೂ ಗೊತ್ತಾಯಿತು. ಗಾಡಿಯ ಯಜಮಾನ ತೀರಿಕೊಂಡರೆ 30 ದಿನದೊಳಗೆ ಆರ್.ಟಿ.ಓ.ಗೆ ತಿಳಿಸಬೇಕು. 3 ತಿಂಗಳೊಳಗೆ ನಮೂನೆ 31ರಲ್ಲಿ ಅರ್ಜಿ ಕೊಟ್ಟು ಹೆಸರು ಬದಲಿಸಿಕೊಳ್ಳಬೇಕು. ಮರಣ ಪತ್ರ, ಆರ್.ಸಿ. ಜೊತೆಗೆ ಇಡಬೇಕು. ಅಕ್ಕನಿಗೆ ಇದನ್ನು ಯಾರೂ ಹೇಳಿರಲಿಲ್ಲ. ತಡವಾಗಿದ್ದಕ್ಕೆ ದಂಡ ಕಟ್ಟಿದರು. ಸಾವಿನ ಮನೆಯಲ್ಲಿ ಆರ್.ಸಿ. ನೆನಪಾಗುವುದು ಯಾರಿಗೆ? ಅದಕ್ಕೇ ಈಗ ಹೇಳುತ್ತಿದ್ದೇವೆ.

ದಲ್ಲಾಳಿ ಮೂರನೇ ಸಲ ಬಂದ. ಅಕ್ಕ ಜಗಳ ಆಡಲಿಲ್ಲ. "ಮೂರು ಸಿಲಿಂಡರು ಅಣ್ಣಾ, ನಾವು ಎಣಿಸಿದೀವಿ. ಬೇಕಾದರೆ ನೀವೂ ಎಣಿಸಿ" ಅಂದರು. ಅವನು ಬೇರೆ ರೇಟು ಹೇಳಿದ. ಅಕ್ಕ ಆ ದಿನ ಕೊಡಲಿಲ್ಲ. ತಮ್ಮನ ಕೈಲಿ ರಿಪೇರಿ ಮಾಡಿಸಿ, ಆ ಮಳೆಗಾಲ ಸ್ವಂತ ಹೊಲ ಉತ್ತು, ಪಕ್ಕದವರ ಹೊಲಕ್ಕೂ ಬಾಡಿಗೆಗೆ ಕಳಿಸಿದರು. ಮುಂದೆ ಮಾರುತ್ತಾರೋ ಏನೋ, ಅದು ಅವರ ಇಷ್ಟ. ಆರ್.ಸಿ. ಈಗ ಅವರ ಹೆಸರಿನಲ್ಲಿದೆ.

ಈಗ ಎಲ್ಲರೂ ಪೆನ್ಸಿಲ್ಲು, ಒಂದು ಹಾಳೆ ತೆಗೆದುಕೊಳ್ಳಿ. ಕೇಂದ್ರದ ಹಿಂದಿನ ಮನೆಯವರು ಅವರ ಗಾಡಿ ನೋಡಲು ಒಪ್ಪಿದ್ದಾರೆ. ಎಂಜಿನ್ ಬೆಳಗಿನಿಂದ ನಿಂತಿದೆ, ತಣ್ಣಗಿದೆ. ಸೆರಗು ಸಿಕ್ಕಿಸಿಕೊಂಡು ಬನ್ನಿ.